ರೀಲು ಕ್ಯಾಮೆರಾ ಹೆಗಲಿಗೇರಿಸಿ ಹೊರಟಾಗ

ನಿಮ್ಮ ಮೊಬೈಲಿನಲ್ಲಿ ಈಗ ಎಷ್ಟು ಫೋಟೊಗಳಿವೆ? ಒಮ್ಮೆ ತೆಗೆದು ನೋಡಿ. ಮೂರು ಸಾವಿರ? ಎಂಟು ಸಾವಿರ? ಇರಲಿ. ಅವುಗಳಲ್ಲಿ ಕಳೆದ ಒಂದು ವರ್ಷದಲ್ಲಿ ನೀವು ಎರಡನೇ ಬಾರಿ ತೆರೆದು ನೋಡಿದವು ಎಷ್ಟು? ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಇದು ಇಂತಹ ದಿನ, ಇಂತಹ ಕಡೆ’ ಎಂದು ವಿವರಿಸಿದವು ಎಷ್ಟು?

ನಮ್ಮ ಮನೆಯಲ್ಲಿ ನನ್ನ ತಂದೆಯ ಫೋಟೊಗಳಿರುವುದು ಒಟ್ಟು ಹನ್ನೊಂದು. 80ರ ದಶಕದಲ್ಲಿ ಅವರು ದಮ್ಮಾಮಿನಲ್ಲಿ ಕೆಲಸಕ್ಕಿದ್ದಾಗ ಪತ್ರದ ಮಡಿಕೆಯೊಳಗಿಟ್ಟು ಕಳುಹಿಸಿದವು. ಕ್ಯಾಮೆರಾ ಸದಾ ಅವರ ಕೈಯಲ್ಲೇ ಇರುತ್ತಿದ್ದುದರಿಂದ ಗೆಳೆಯರ ಫೋಟೊಗಳು ರಾಶಿ ಇದ್ದವು, ಅವರದು ಮಾತ್ರ ಕಡಿಮೆ. ಆದರೆ ಆ ಹನ್ನೊಂದರಲ್ಲಿ ಒಂದೊಂದರ ಕತೆಯೂ ಉಮ್ಮನಿಗೆ ಬಾಯಿಪಾಠ. “ಇದು ಹೊಸ ಕೋಣೆಗೆ ಹೋದ ದಿನ. ಈ ಅಂಗಿಯ ಬಟ್ಟೆ ನಾನು ಊರಿನಿಂದ ಕೊಟ್ಟು ಕಳಿಸಿದ್ದು. ಇದರಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡಿದ್ದಾರೆ, ಯಾಕೆಂದು ಪತ್ರದಲ್ಲಿ ಬರೆದಿರಲಿಲ್ಲ” ಎನ್ನುತ್ತಾರೆ. ಹನ್ನೊಂದು ಫೋಟೊಗಳಲ್ಲಿ ಒಂದು ಇಡೀ ಬದುಕು ನೆನಪಿದೆ. ನನ್ನ ಮೊಬೈಲಿನ ಆರು ಸಾವಿರ ಫೋಟೊಗಳಲ್ಲಿ ಕಳೆದ ತಿಂಗಳಿನದೇ ನನಗೆ ನೆನಪಿಲ್ಲ.

ಈ ವ್ಯತ್ಯಾಸ ಯಾಕೆ ಎಂಬ ಯೋಚನೆಯೇ ನನ್ನನ್ನು ತಂದೆಯ ಹಳೆಯ ಕ್ಯಾಮೆರಾದ ಕಡೆಗೆ ಎಳೆದದ್ದು. ಅವರು ತೀರಿಹೋದ ಮೇಲೆ ಅದು ಕಪಾಟಿನ ಮೇಲಿನ ಖಾನೆಯಲ್ಲಿ ತನ್ನ ಚರ್ಮದ ಚೀಲದೊಳಗೆ ವರ್ಷಗಟ್ಟಲೆ ಸುಮ್ಮನೆ ಮಲಗಿತ್ತು. 2017ರಲ್ಲಿ ಹೊರತೆಗೆದೆ. ಮರುವರ್ಷ ಅದನ್ನು ಹೆಗಲಿಗೆ ಹಾಕಿಕೊಂಡು ಉಮ್ಮನ ಜೊತೆ ವಿಜಯಪುರಕ್ಕೆ ಹೊರಟೆ. ಆ ಪ್ರಯಾಣ ನನಗೆ ಫೋಟೊ ತೆಗೆಯುವುದನ್ನು ಮಾತ್ರ ಕಲಿಸಿದ್ದಲ್ಲ. ಕಲಿತದ್ದನ್ನು, ಮಾಡಿದ ಒಂದು ತಪ್ಪನ್ನೂ ನಿಮ್ಮ ಮುಂದಿಡುತ್ತಿದ್ದೇನೆ.

ಕತ್ತಲ ಕೋಣೆಯಿಂದ ಹೊರಟ ದಾರಿ

ಕ್ಯಾಮೆರಾದ ಕತೆ ಎಲ್ಲಿಂದ ಶುರುವಾಗುತ್ತದೆ ಗೊತ್ತೇ? ಕ್ಯಾಮೆರಾ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಕೋಣೆ. ಕತ್ತಲ ಕೋಣೆಯ ಗೋಡೆಯಲ್ಲಿ ಒಂದು ಸಣ್ಣ ರಂಧ್ರವಿದ್ದರೆ ಹೊರಗಿನ ದೃಶ್ಯ ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಮಧ್ಯಾಹ್ನದ ಹೊತ್ತು ಮುಚ್ಚಿದ ಕಿಟಕಿಯ ಬಿರುಕಿನಿಂದ ಬೀದಿಯ ನೆರಳುಗಳು ಗೋಡೆಯ ಮೇಲೆ ಓಡಾಡುವುದನ್ನು ನೀವೂ ಬಾಲ್ಯದಲ್ಲಿ ನೋಡಿರಬಹುದು.

ಈ ಕತ್ತಲ ಕೋಣೆಯಲ್ಲಿ ಕುಳಿತು ಬೆಳಕನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದವರಲ್ಲಿ ಅಗ್ರಗಣ್ಯರು ಇಬ್ನುಲ್ ಹೈಸಮ್. ಸುಮಾರು 965ರಲ್ಲಿ ಇರಾಕಿನ ಬಸ್ರಾದಲ್ಲಿ ಹುಟ್ಟಿ, ಕೈರೋದಲ್ಲಿ ಬಾಳಿದ ವಿದ್ವಾಂಸ. ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುವುದರಿಂದ ನಮಗೆ ಕಾಣುತ್ತದೆ ಎಂದು ಯೂಕ್ಲಿಡ್, ಟಾಲೆಮಿಯಂತಹವರು ಹೇಳಿದ್ದರು. ಹಾಗಲ್ಲ, ವಸ್ತುವಿನಿಂದ ಬರುವ ಬೆಳಕು ಕಣ್ಣನ್ನು ಪ್ರವೇಶಿಸುವುದರಿಂದಲೇ ನಾವು ನೋಡುತ್ತೇವೆ ಎಂದು ಅವರು ತಮ್ಮ ‘ಕಿತಾಬುಲ್ ಮನಾಝಿರ್’ ಗ್ರಂಥದಲ್ಲಿ ಪ್ರಯೋಗಗಳ ಸಮೇತ ತೋರಿಸಿದರು. ಅದು ಲ್ಯಾಟಿನ್‌ಗೆ ಅನುವಾದಗೊಂಡು ಯುರೋಪಿನ ವಿದ್ವಾಂಸರ ಕೈ ಸೇರಿತು, 1572ರಲ್ಲಿ ಅಚ್ಚೂ ಆಯಿತು. ವಿಶ್ವಸಂಸ್ಥೆ 2015ನ್ನು ಬೆಳಕಿನ ವರ್ಷವೆಂದು ಆಚರಿಸಿದಾಗ ಅವರ ಸಾವಿರ ವರ್ಷ ಹಳೆಯ ಕೆಲಸವನ್ನು ಜಗತ್ತು ಮತ್ತೊಮ್ಮೆ ಸ್ಮರಿಸಿತು.

ಗೋಡೆಯ ಮೇಲೆ ಮೂಡಿದ ಚಿತ್ರವನ್ನು ಹಿಡಿದಿಡಲು ಮಾತ್ರ 19ನೇ ಶತಮಾನದವರೆಗೆ ಕಾಯಬೇಕಾಯಿತು. ಬೆಳಕು ಬಿದ್ದಲ್ಲಿ ಬದಲಾಗುವ ಬೆಳ್ಳಿಯ ಲವಣಗಳನ್ನು ಲೇಪಿಸಿದ ಫಿಲ್ಮ್ ಬಂತು. 1925ರಲ್ಲಿ ಜರ್ಮನಿಯ ಲೈಕಾ ಕ್ಯಾಮೆರಾ ಸಿನಿಮಾದ 35 ಮಿಲಿಮೀಟರ್ ಫಿಲ್ಮನ್ನು ಅಂಗೈಯಗಲದ ಪೆಟ್ಟಿಗೆಗೆ ತಂದ ಮೇಲೆ ಫೋಟೊಗ್ರಫಿ ಪ್ರಯಾಣಿಕರ ಜೊತೆಗಾರನಾಯಿತು. ನಮ್ಮ ದೇಶದಲ್ಲೂ 1960ರಲ್ಲಿ ಊಟಿಯಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಸ್ಥಾಪನೆಯಾಗಿ ‘ಇಂದು’ ಎಂಬ ಹೆಸರಿನ ಕಪ್ಪು ಬಿಳುಪು ಫಿಲ್ಮ್ ತಯಾರಿಸುತ್ತಿತ್ತು. ಈಗ ಅದು ಮುಚ್ಚಿದೆ. 2012ರಲ್ಲಿ ಕೊಡಕ್ ಕಂಪೆನಿಯೇ ದಿವಾಳಿ ಅರ್ಜಿ ಹಾಕಿದಾಗ ರೀಲಿನ ಕಾಲ ಮುಗಿಯಿತೆಂದು ಎಲ್ಲರೂ ಅಂದುಕೊಂಡರು. ಆದರೆ ಮುಗಿಯಲಿಲ್ಲ. ಹೊಸ ಪೀಳಿಗೆಯ ಹುಡುಗ ಹುಡುಗಿಯರು ಅಜ್ಜನ ಕ್ಯಾಮೆರಾ ಹುಡುಕತೊಡಗಿದರು. 2024ರಲ್ಲಿ ಪೆಂಟಾಕ್ಸ್ ಹೊಸದೊಂದು ಫಿಲ್ಮ್ ಕ್ಯಾಮೆರಾವನ್ನೇ ಮಾರುಕಟ್ಟೆಗೆ ಬಿಟ್ಟಿತು.

ನಲ್ಲಿ, ನೀರು, ಕೊಡ

ತಂದೆಯದು ಪೆಂಟಾಕ್ಸ್ ಕೆ1000. 1976ರಿಂದ 1997ರವರೆಗೆ ತಯಾರಾದ ಮಾದರಿ. ಗಲ್ಫ್‌ನಿಂದ ಬಂದವರ ಮನೆಗಳಲ್ಲಿ ಇಂತಹ ಕ್ಯಾಮೆರಾಗಳು ಇನ್ನೂ ಇರುತ್ತವೆ. ಪೆಂಟಾಕ್ಸ್ ಇರಬಹುದು, ನಿಕಾನ್, ಯಾಶಿಕಾ, ಕ್ಯಾನನ್ ಇರಬಹುದು. ಇವುಗಳಲ್ಲಿ ಎಲ್ಲವನ್ನೂ ನಾವೇ ಮಾಡಬೇಕು. ಕೆ1000ರಲ್ಲಿರುವ ಗುಂಡಿಯಾಕಾರದ ಸಣ್ಣ ಬ್ಯಾಟರಿ ಬೆಳಕನ್ನು ಅಳೆಯುವ ಸೂಜಿಗೆ ಮಾತ್ರ. ಅದು ಸತ್ತರೂ ಕ್ಯಾಮೆರಾ ನಡೆಯುತ್ತದೆ.

ಕೇಳಲು ಕಷ್ಟವೆನಿಸಿದರೂ ಕೆಲಸ ಸರಳ. ನಲ್ಲಿಯ ಕೆಳಗೆ ಕೊಡ ಇಟ್ಟಿದ್ದೀರಿ ಎಂದುಕೊಳ್ಳಿ. ನೀರೇ ಬೆಳಕು. ನಲ್ಲಿಯನ್ನು ಎಷ್ಟು ತಿರುಗಿಸಿದ್ದೀರಿ ಎಂಬುದು ಅಪರ್ಚರ್, ಅಂದರೆ ಲೆನ್ಸಿನ ಒಳಗಿನ ರಂಧ್ರದ ಅಗಲ. ಎಷ್ಟು ಹೊತ್ತು ಬಿಟ್ಟಿದ್ದೀರಿ ಎಂಬುದು ಶಟರ್. ಕೊಡ ಎಷ್ಟು ದೊಡ್ಡದು ಎಂಬುದು ಫಿಲ್ಮಿನ ವೇಗ, ಅಂದರೆ ಅದರ ಡಬ್ಬಿಯ ಮೇಲೆ ಬರೆದಿರುವ 100, 200, 400 ಎಂಬ ಐಎಸ್‌ಓ ಅಂಕಿ. ಅಂಕಿ ಹೆಚ್ಚಿದಷ್ಟೂ ಕೊಡ ಚಿಕ್ಕದು, ಸ್ವಲ್ಪ ಬೆಳಕಿಗೇ ತುಂಬುತ್ತದೆ. ಕೊಡ ತುಂಬಬೇಕು, ಉಕ್ಕಿ ಹರಿಯಬಾರದು. ಇಷ್ಟೇ ವಿದ್ಯೆ.

ಲೆನ್ಸಿನ ಮೇಲಿನ 2, 4, 5.6, 8, 11, 16 ಎಂಬ ಅಂಕಿಗಳು ಮೊದಲಿಗೆ ಗೊಂದಲ ಹುಟ್ಟಿಸುತ್ತವೆ. ಅಂಕಿ ಚಿಕ್ಕದಾದಷ್ಟೂ ರಂಧ್ರ ದೊಡ್ಡದು ಎಂದು ನೆನಪಿಟ್ಟರೆ ಸಾಕು. ಸೂಜಿ ಕೆಟ್ಟಿದ್ದರೂ ಚಿಂತಿಸಬೇಡಿ. ಹಳೆಯ ಫೋಟೊಗ್ರಾಫರುಗಳ ಒಂದು ಲೆಕ್ಕವಿದೆ. ಚುರುಕಾದ ಬಿಸಿಲಿದ್ದರೆ ಅಪರ್ಚರ್ 16ಕ್ಕಿಡಿ, ಶಟರನ್ನು ಫಿಲ್ಮಿನ ಅಂಕಿಗೆ ಹತ್ತಿರದಲ್ಲಿಡಿ. 200ರ ಫಿಲ್ಮಿಗೆ ಸೆಕೆಂಡಿನ 250ನೇ ಒಂದು ಭಾಗ. ಮೋಡವಿದ್ದರೆ ಅಪರ್ಚರನ್ನು 8ಕ್ಕೆ, ಕಟ್ಟಡದ ನೆರಳಿನಲ್ಲಿದ್ದರೆ 5.6ಕ್ಕೆ ತನ್ನಿ. ಸಂದೇಹವಿದ್ದರೆ ಬೆಳಕು ತುಸು ಹೆಚ್ಚೇ ಕೊಡಿ. ನೆಗೆಟಿವ್ ಫಿಲ್ಮ್ ಹೆಚ್ಚಿನ ಬೆಳಕನ್ನು ಸಹಿಸುತ್ತದೆ, ಕಡಿಮೆಯಾದುದನ್ನು ಸಹಿಸುವುದಿಲ್ಲ.

ಆದರೆ ರೀಲಿನಲ್ಲಿರುವುದು ಮೂವತ್ತಾರು ಫೋಟೊ. ಫಿಲ್ಮ್, ತೊಳೆಸುವ ಖರ್ಚು, ಸ್ಕ್ಯಾನಿಂಗ್ ಎಲ್ಲ ಸೇರಿದರೆ ಇಂದು ಒಂದು ರೀಲಿಗೆ ಸಾವಿರ ರೂಪಾಯಿ ದಾಟುತ್ತದೆ. ಅಂದರೆ ಒಂದು ಸಲ ಒತ್ತಿದರೆ ಮೂವತ್ತು ರೂಪಾಯಿ ಹೋಯಿತೆಂದೇ ಲೆಕ್ಕ. ಈ ಲೆಕ್ಕ ತಲೆಯಲ್ಲಿದ್ದಾಗ ಬೆರಳು ತಾನಾಗಿ ನಿಲ್ಲುತ್ತದೆ, ಕಣ್ಣು ನೋಡಲು ಶುರುಮಾಡುತ್ತದೆ.

ಗುಂಬಜ್‌ನ ಮುಂದೆ

2018ರ ಡಿಸೆಂಬರ್‌ನಲ್ಲಿ ನಾವು ವಿಜಯಪುರದಲ್ಲಿ ಇಳಿದೆವು. ಕೈಯಲ್ಲಿ ಎರಡು ರೀಲು. ಒಂದು 400ರ ಕಪ್ಪು ಬಿಳುಪು, ಇನ್ನೊಂದು 200ರ ಕಲರ್. ಮೊಬೈಲನ್ನು ಚೀಲದ ತಳದಲ್ಲಿಟ್ಟು, ಈ ದಿನ ಅದನ್ನು ಮುಟ್ಟುವುದಿಲ್ಲ ಎಂದು ಹಟ ತೊಟ್ಟಿದ್ದೆ.

ಗೋಲ್ ಗುಂಬಜ್ 17ನೇ ಶತಮಾನದ ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಗುಮ್ಮಟದ ಹೊರ ವ್ಯಾಸವೇ ಸುಮಾರು 44 ಮೀಟರ್. ಅದರ ಕೆಳಗೆ ಆಸರೆಗೆ ಒಂದು ಕಂಬವೂ ಇಲ್ಲ. ಮೊಬೈಲಿನ ಅಗಲ ಲೆನ್ಸಿಗೆ ಅದು ಎಲ್ಲಿ ನಿಂತರೂ ಹಿಡಿಸುತ್ತದೆ. ನನ್ನ 50 ಮಿಲಿಮೀಟರ್ ಲೆನ್ಸಿಗೆ ಹಿಡಿಸಲಿಲ್ಲ. ಹಿಂದೆ ಹಿಂದೆ ಹೋಗಬೇಕಾಯಿತು. ಹಾಗೆ ಹಿಂದೆ ಹೋಗುವಾಗಲೇ ನಾಲ್ಕು ಮೂಲೆಗಳ ಏಳಂತಸ್ತಿನ ಗೋಪುರಗಳನ್ನು ನಾನು ಸರಿಯಾಗಿ ಎಣಿಸಿದ್ದು.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ಹೊಳೆಯುವ ಆಕಾಶವನ್ನು ಹಿನ್ನೆಲೆಯಲ್ಲಿಟ್ಟು ಕಪ್ಪು ಕಲ್ಲಿನ ಕಟ್ಟಡವನ್ನು ತೆಗೆಯುವಾಗ ಬೆಳಕಿನ ಸೂಜಿ ಮೋಸಹೋಗುತ್ತದೆ. ಬೆಳಕು ಧಾರಾಳವಿದೆ ಎನ್ನುತ್ತದೆ. ಅದನ್ನು ನಂಬಿದರೆ ಆಕಾಶ ಚೆನ್ನಾಗಿ ಬಂದು ಗುಂಬಜ್ ಮಸಿಯ ಮುದ್ದೆಯಾಗುತ್ತದೆ. ಇದಕ್ಕೆ ಉಪಾಯ, ಕ್ಯಾಮೆರಾವನ್ನು ಮೊದಲು ಬಿಸಿಲು ಬಿದ್ದ ಹುಲ್ಲಿನ ಕಡೆ ತಿರುಗಿಸಿ ಅಲ್ಲಿ ಸೂಜಿಯನ್ನು ನಡುವೆ ನಿಲ್ಲಿಸಿ. ಆಮೇಲೆ ಏನನ್ನೂ ಬದಲಿಸದೆ ಕಟ್ಟಡದ ಕಡೆ ತಿರುಗಿ ಒತ್ತಿ.

ಪಿಸುಗುಟ್ಟುವ ಗ್ಯಾಲರಿಗೆ ಹತ್ತಿದಾಗ ಬೆಳಕು ಕುಗ್ಗಿತು. ಸೂಜಿ ಸೆಕೆಂಡಿನ 15ನೇ ಒಂದು ಭಾಗ ಕೇಳುತ್ತಿತ್ತು. 60ಕ್ಕಿಂತ ಕೆಳಗೆ ಕೈಯಲ್ಲಿ ಹಿಡಿದರೆ ಚಿತ್ರ ಅಲುಗುತ್ತದೆ. ಇಂತಹ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಟ್ರೈಪಾಡ್ ಬಿಡುವುದಿಲ್ಲ. ಬೆನ್ನನ್ನು ಗೋಡೆಗೆ ಒತ್ತಿ, ಮೊಣಕೈಗಳನ್ನು ಪಕ್ಕೆಗೆ ಸೇರಿಸಿ, ಉಸಿರು ಬಿಟ್ಟು, ನಿಧಾನವಾಗಿ ಒತ್ತಿದೆ. ಎದುರಿನ ತುದಿಯಲ್ಲಿ ಕುಳಿತಿದ್ದ ಉಮ್ಮ ಗೋಡೆಗೆ ಬಾಯಿಟ್ಟು ಮೆಲ್ಲಗೆ ಹೇಳಿದ ಮಾತು ನನ್ನ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು: “ನಿನ್ನ ತಂದೆಯೂ ಹೀಗೇ ನಿಲ್ಲುತ್ತಿದ್ದರು.”

ಕಪ್ಪು ಬಿಳುಪಿನ ರೀಲಿನ ಉಳಿದ ಫೋಟೊಗಳೆಲ್ಲ ಊರಿನ ಇನ್ನೊಂದು ತುದಿಯ ಇಬ್ರಾಹಿಂ ರೋಜಾದಲ್ಲಿ ಮುಗಿದವು. ಇಮ್ಮಡಿ ಇಬ್ರಾಹಿಂ ಆದಿಲ್ ಶಾಹನ ಸಮಾಧಿ ಮತ್ತು ಮಸೀದಿ ಒಂದೇ ಜಗಲಿಯ ಮೇಲೆ ಎದುರು ಬದುರಾಗಿ ನಿಂತಿವೆ. ಕಿಟಕಿಗಳ ಕಲ್ಲಿನ ಜಾಲರಿಯಲ್ಲಿ ಕೆತ್ತಿರುವುದೇ ಅಕ್ಷರಗಳು. ಹೊರಗಿನ ಬೆಳಕು ಆ ಅಕ್ಷರಗಳ ಎಡೆಯಿಂದ ಒಳಗೆ ಬರುವಾಗ ಎರಡನ್ನೂ ಒಟ್ಟಿಗೆ ತೆಗೆಯಲಾಗದು. ಬೆಳಕನ್ನು ನೋಡಿ ತೆಗೆದರೆ ಒಳಗಿನ ಗೋಡೆ ಕಾಣುವುದಿಲ್ಲ, ಗೋಡೆಯನ್ನು ನೋಡಿ ತೆಗೆದರೆ ಅಕ್ಷರ ಅಳಿಸಿಹೋಗುತ್ತದೆ. ಮೊಬೈಲ್ ಎರಡನ್ನೂ ಬೆರೆಸಿ ಕೊಡುತ್ತದೆ. ಇಲ್ಲಿ ಯಾವುದು ಬೇಕೆಂದು ನೀವೇ ತೀರ್ಮಾನಿಸಬೇಕು. ನಾನು ಅಕ್ಷರಗಳನ್ನು ಉಳಿಸಿಕೊಂಡೆ. ಇಡೀ ದಿನದಲ್ಲಿ ನಾನು ಸರಿಯಾಗಿ ತೆಗೆದ ಒಂದೇ ಫೋಟೊ ಅದು.

ಟಾಂಗಾದ ಚಾಚಾ

ಗೋಲ್ ಗುಂಬಜ್‌ನಿಂದ ರೋಜಾದವರೆಗೆ ನಮ್ಮನ್ನು ಕರೆತಂದದ್ದು ಟಾಂಗಾ. ಓಡಿಸುವವರು ಎಪ್ಪತ್ತರ ಹತ್ತಿರದ ಹಿರಿಯರು. ದಾರಿಯುದ್ದಕ್ಕೂ ಉಮ್ಮನ ಜೊತೆ ಮಾತಾಡುತ್ತಾ ಬಂದರು. ಬಿಳಿ ಕುದುರೆಯ ಹಣೆಗೆ ಕೆಂಪು ಗೊಂಡೆ ಕಟ್ಟಿದ್ದರು. ರೋಜಾದ ಬಾಗಿಲಲ್ಲಿ ನಾನು ಕ್ಯಾಮೆರಾ ತೆಗೆದಾಗ ಅವರ ಮುಖ ಅರಳಿತು.

“ಬೇಟಾ, ಇದು ರೀಲಿಂದು ಹೌದಲ್ಲ? ಇದರ ಜೋಡಿ ನಂದೊಂದು ಫೋಟೊ ತಗೀತೀ ಏನು? ಹನ್ನೆರಡು ವರ್ಸ ಆತು ನಾವಿಬ್ಬರೂ ಕೂಡಿ ದುಡೀತೀವಿ, ಒಂದೂ ಫೋಟೊ ಇಲ್ಲ” ಎಂದು ಕುದುರೆಯ ಕುತ್ತಿಗೆ ತಟ್ಟಿದರು.

ಮೊಮ್ಮಕ್ಕಳ ಮೊಬೈಲಿನಲ್ಲಿ ತೆಗೆದಿಲ್ಲವೇ ಎಂದು ಕೇಳಿದೆ. “ತಗೀತಾರ. ಆಮ್ಯಾಲ ಫೋನ್ ಕೆಡತದ, ಫೋಟೊನೂ ಹೋಗತದ. ಕೈಯಾಗ ಹಿಡಿಯೋ ಫೋಟೊ ಬೇಕು ನನಗ” ಎಂದರು.

ರೋಜಾ ನೋಡಿ ಹೊರಬರುವ ಹೊತ್ತಿಗೆ ಕಪ್ಪು ಬಿಳುಪಿನ ರೀಲು ಮುಗಿದಿತ್ತು. ಚಾಚಾ ಕಾಯುತ್ತಿದ್ದಾರೆಂಬ ಅವಸರದಲ್ಲಿ ಟಾಂಗಾದ ಮೇಲೆಯೇ ಕುಳಿತು ಕಲರ್ ರೀಲು ಹಾಕಿದೆ. ಅವರು ಟೋಪಿ ಸರಿಮಾಡಿಕೊಂಡು, ಕುದುರೆಯ ಗೊಂಡೆಯನ್ನೂ ಸರಿಮಾಡಿ, ಲಗಾಮು ಹಿಡಿದು ನಿಂತರು. ನಗಲಿಲ್ಲ. ಹಳೆಯ ಕಾಲದವರು ಫೋಟೊಕ್ಕೆ ನಿಲ್ಲುವಂತೆ ಗಂಭೀರವಾಗಿ, ನೇರವಾಗಿ ನೋಡಿದರು. ಎರಡು ಫೋಟೊ ತೆಗೆದೆ. ಬಸ್ ನಿಲ್ದಾಣದ ಹತ್ತಿರದ ಒಂದು ಚಹಾ ಹೋಟೆಲಿನ ವಿಳಾಸ ಬರೆಸಿದರು. ತಿಂಗಳೊಳಗೆ ಕಳುಹಿಸುತ್ತೇನೆ, ಇನ್‌ಶಾ ಅಲ್ಲಾಹ್, ಎಂದು ಮಾತು ಕೊಟ್ಟೆ. ಬಾಡಿಗೆಯಲ್ಲಿ ಇಪ್ಪತ್ತು ರೂಪಾಯಿ ಕಡಿಮೆ ತೆಗೆದುಕೊಂಡರು.

ಮೂವತ್ತೆಂಟನೇ ಫೋಟೊ

ಸಂಜೆ ಬಾರಾ ಕಮಾನಿನ ಹತ್ತಿರ ಒಂದು ಸಂಗತಿ ಗಮನಿಸಿದೆ. ಕ್ಯಾಮೆರಾದ ಎಣಿಕೆಯ ಮುಳ್ಳು 36 ದಾಟಿತ್ತು. 37, 38. ರೀಲು ಮುಂದೂಡುವ ಸನ್ನೆ ಎಲ್ಲೂ ಬಿಗಿಯಾಗದೆ ಸಲೀಸಾಗಿ ತಿರುಗುತ್ತಲೇ ಇತ್ತು. ಮೈ ತಣ್ಣಗಾಯಿತು. ಲಾಡ್ಜಿಗೆ ಬಂದು, ಬಚ್ಚಲುಮನೆಯ ದೀಪ ಆರಿಸಿ, ಹಿಂಬದಿಯ ಬಾಗಿಲು ತೆರೆದು ಬೆರಳಿನಿಂದ ತಡವಿದೆ. ಫಿಲ್ಮಿನ ತುದಿ ಹಾಕಿದ ಜಾಗದಲ್ಲೇ ಇತ್ತು. ಅವಸರದಲ್ಲಿ ಹಾಕುವಾಗ ಅದು ಸುತ್ತುವ ಗಾಲಿಗೆ ಸಿಕ್ಕಿಕೊಂಡಿರಲೇ ಇಲ್ಲ. ಮಧ್ಯಾಹ್ನದಿಂದ ನಾನು ತೆಗೆದದ್ದೆಲ್ಲ ಬರಿಯ ಸದ್ದು.

ಬಾರಾ ಕಮಾನಿನ ಚಿತ್ರಗಳು ಹೋದದ್ದಕ್ಕೆ ನನಗೆ ದುಃಖವಾಗಲಿಲ್ಲ. ಕಣ್ಣ ಮುಂದೆ ಬಂದದ್ದು ಕುದುರೆಯ ಗೊಂಡೆ ಸರಿಮಾಡುತ್ತಿದ್ದ ಆ ಕೈ. ಟಾಂಗಾ ಸ್ಟ್ಯಾಂಡಿಗೆ ಓಡಿದೆವು. ಚಾಚಾ ಮನೆಗೆ ಹೋಗಿಯಾಗಿತ್ತು. ಫೋನ್ ನಂಬರ್ ಕೇಳಿಕೊಳ್ಳಬೇಕೆಂದು ನನಗೆ ಹೊಳೆದಿರಲಿಲ್ಲ. ಮೊಬೈಲಿನಲ್ಲಾದರೂ ಒಂದು ತೆಗೆದಿಡಬಹುದಿತ್ತು, ನನ್ನ ಹಟ ಬಿಡಲಿಲ್ಲ. ರಾತ್ರಿ ಎಂಟಕ್ಕೆ ನಮ್ಮ ಬಸ್ಸು.

ಬಸ್ಸಿನಲ್ಲಿ ಉಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಹೇಳಿದರು: “ಮಾತು ಕೊಟ್ಟ ಮೇಲೆ ಅದು ಸಾಲ. ಫೋಟೊ ಬರಲಿಲ್ಲವೆಂದರೆ ತೀರಿತು ಎಂದುಕೊಳ್ಳಬೇಡ.” ಊರಿಗೆ ಬಂದವಳೇ ಚಹಾ ಹೋಟೆಲಿನ ವಿಳಾಸಕ್ಕೆ ಪತ್ರ ಬರೆದೆ. ನಡೆದದ್ದನ್ನು ಹಾಗೆಯೇ ಬರೆದು ಕ್ಷಮೆ ಕೇಳಿದೆ. ಉತ್ತರ ಬರಲಿಲ್ಲ.

ನೀವು ಈ ತಪ್ಪು ಮಾಡಬೇಡಿ. ರೀಲು ಹಾಕಿದ ಮೇಲೆ ಮೊದಲ ಸುತ್ತು ಹಿಂಬದಿ ಮುಚ್ಚುವ ಮುನ್ನವೇ ಸುತ್ತಿ, ಫಿಲ್ಮಿನ ಎರಡೂ ಅಂಚಿನ ರಂಧ್ರಗಳು ಹಲ್ಲುಗಳಿಗೆ ಸಿಕ್ಕಿವೆಯೇ ನೋಡಿ. ಮುಚ್ಚಿದ ಮೇಲೆ ಎಡಗಡೆಯ ಸುರುಳಿ ಹಿಡಿಯನ್ನು ಮೆಲ್ಲಗೆ ತಿರುಗಿಸಿ ಫಿಲ್ಮನ್ನು ಬಿಗಿ ಮಾಡಿ. ಆಮೇಲೆ ಸನ್ನೆ ಎಳೆದಾಗಲೆಲ್ಲ ಆ ಹಿಡಿಯೂ ತಿರುಗಬೇಕು. ತಿರುಗಿದರೆ ಫಿಲ್ಮ್ ಓಡುತ್ತಿದೆ ಎಂದರ್ಥ. ತಿರುಗದಿದ್ದರೆ ನಿಲ್ಲಿಸಿ. ಇಷ್ಟು ನೋಡಲು ಹತ್ತು ಸೆಕೆಂಡು ಸಾಕು.

ಹೊರಡುವ ಮುನ್ನ ಗಮನಿಸಿ

ಮನೆಯಲ್ಲಿರುವ ಅಥವಾ ಹಳೆಯದನ್ನು ಕೊಳ್ಳುವ ಕ್ಯಾಮೆರಾವನ್ನು ಪ್ರಯಾಣಕ್ಕೆ ಒಯ್ಯುವ ಮೊದಲು ಈ ಕೆಲವು ಸಂಗತಿಗಳನ್ನು ನೋಡಿಕೊಳ್ಳಿ.

* ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂತಹ ಎಳೆಗಳಿದ್ದರೆ ಅದು ಬೂಷ್ಟು. ಕರಾವಳಿ, ಮಲೆನಾಡಿನ ಮಳೆಗಾಲ ಲೆನ್ಸುಗಳ ದೊಡ್ಡ ಶತ್ರು. ತಂದೆಯ ಲೆನ್ಸಿಗೂ ಹಿಡಿದಿತ್ತು. ಬೆಂಗಳೂರಿನ ಹಳೆಯ ಮೆಕ್ಯಾನಿಕ್ ಒಬ್ಬರು ಬಿಚ್ಚಿ ಒರೆಸಿಕೊಟ್ಟರು. ಚರ್ಮದ ಚೀಲ ತೇವವನ್ನು ಹಿಡಿದಿಡುತ್ತದೆ, ಅದರೊಳಗೆ ಇಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ.

* ಹಿಂಬದಿ ಬಾಗಿಲಿನ ಅಂಚಿನ ಕಪ್ಪು ಸ್ಪಂಜು ಹಳತಾದಾಗ ಅಂಟಂಟಾಗಿ ಕರಗುತ್ತದೆ. ಅಲ್ಲಿಂದ ಬೆಳಕು ನುಗ್ಗಿ ಚಿತ್ರದ ಮೇಲೆ ಕೆಂಪು ಪಟ್ಟೆ ಬೀಳುತ್ತದೆ. ಬದಲಿಸಲು ಹೆಚ್ಚು ಖರ್ಚಿಲ್ಲ.

* ಶಟರನ್ನು ಒಂದು ಸೆಕೆಂಡಿಗಿಟ್ಟು ಒತ್ತಿ, ಕಿವಿಗೊಟ್ಟು ಕೇಳಿ. ತೆರೆದು ಮುಚ್ಚುವ ಎರಡೂ ಸದ್ದು ಸ್ಪಷ್ಟವಾಗಿರಬೇಕು. ಬ್ಯಾಟರಿ ಗೂಡಿನಲ್ಲಿ ಹಸಿರು ಕಿಲುಬು ಇದ್ದರೆ ಸ್ವಚ್ಛಗೊಳಿಸಿ. ಕೆ1000ಕ್ಕೆ ಆರಿಸುವ ಸ್ವಿಚ್ ಇಲ್ಲ. ತೆಗೆಯದಿರುವಾಗ ಲೆನ್ಸಿನ ಮುಚ್ಚಳ ಹಾಕಿಟ್ಟರೆ ಬ್ಯಾಟರಿ ಉಳಿಯುತ್ತದೆ.

* ದೂರದ ಪ್ರಯಾಣಕ್ಕೆ ಮುನ್ನ ಊರಿನಲ್ಲೇ ಒಂದು ರೀಲು ತೆಗೆದು ತೊಳೆಸಿ ನೋಡಿ.

* ಫಿಲ್ಮಿಗೆ ಬಿಸಿ ಆಗದು. ಉತ್ತರ ಕರ್ನಾಟಕದ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಮನೆಯಲ್ಲಿ ಫ್ರಿಜ್ಜಿನಲ್ಲಿಡಬಹುದು, ಆದರೆ ಹೊರತೆಗೆದ ಕೂಡಲೇ ಡಬ್ಬಿ ತೆರೆಯಬೇಡಿ.

* ಉಮ್ರಾಕ್ಕೋ ಗಲ್ಫಿಗೋ ವಿಮಾನದಲ್ಲಿ ಹೋಗುವವರು ಫಿಲ್ಮನ್ನು ಲಗೇಜಿನಲ್ಲಿ ಎಂದೂ ಹಾಕಬೇಡಿ. ಅಲ್ಲಿನ ತಪಾಸಣೆಯ ಕಿರಣಗಳು ಫಿಲ್ಮನ್ನು ಹಾಳು ಮಾಡುತ್ತವೆ. ಕೈಚೀಲದಲ್ಲಿಟ್ಟು, ಯಂತ್ರಕ್ಕೆ ಹಾಕದೆ ಕೈಯಲ್ಲೇ ಪರೀಕ್ಷಿಸುವಂತೆ ವಿನಯದಿಂದ ಕೇಳಿ. ಹೊಸ ಸಿ.ಟಿ. ಯಂತ್ರಗಳಿರುವ ನಿಲ್ದಾಣಗಳಲ್ಲಿ ಕೈಚೀಲದ ಫಿಲ್ಮಿಗೂ ಅಪಾಯವಿದೆ.

* ತೊಳೆಸುವ ಲ್ಯಾಬುಗಳು ಈಗ ದೊಡ್ಡ ನಗರಗಳಲ್ಲಿ ಮಾತ್ರ ಕೆಲವು ಉಳಿದಿವೆ. ಕೊರಿಯರ್ ಮೂಲಕ ಕಳುಹಿಸಬೇಕಾಗುತ್ತದೆ. ನೆಗೆಟಿವ್‌ಗಳನ್ನು ತಪ್ಪದೆ ವಾಪಸು ಕೇಳಿ ಪಡೆಯಿರಿ.

ಕೇಳಿ ತೆಗೆಯಿರಿ

ಒಂದು ಕಾಲದಲ್ಲಿ ಮನೆಯ ಹೆಂಗಸರ ಫೋಟೊಗಳಿರುವ ರೀಲನ್ನು ಹಿರಿಯರು ಯಾವ ಸ್ಟುಡಿಯೋಗೂ ಕೊಡುತ್ತಿರಲಿಲ್ಲ. ಪರಿಚಯದವರಿಗೆ, ನಂಬಿಕೆಯವರಿಗೆ ಮಾತ್ರ ಕೊಡುತ್ತಿದ್ದರು. ಒಂದೇ ಒಂದು ಹೊರಗಿನ ಕಣ್ಣು ನೋಡುವುದಕ್ಕೂ ಅಷ್ಟು ಎಚ್ಚರವಿತ್ತು. ಇಂದು ನಾವು ಬೀದಿಯಲ್ಲಿ ಕಂಡ ಅಪರಿಚಿತರ ಫೋಟೊ ತೆಗೆದು ನಿಮಿಷದೊಳಗೆ ನೂರಾರು ಜನರಿಗೆ ಕಳುಹಿಸುತ್ತೇವೆ. ಆ ಮಾರುಕಟ್ಟೆಯ ಹೆಂಗಸಿಗೆ, ಹೊಲದಲ್ಲಿ ದುಡಿಯುವ ಮಗುವಿಗೆ ಇಷ್ಟವಿತ್ತೇ ಎಂದು ಕೇಳುವುದಿಲ್ಲ.

ಹಳೆಯ ಕ್ಯಾಮೆರಾದಲ್ಲಿ ಕದ್ದು ತೆಗೆಯುವುದು ಸುಲಭವಲ್ಲ. ದೂರ ಸರಿಹೊಂದಿಸಬೇಕು, ಬೆಳಕು ನೋಡಬೇಕು, ಅಷ್ಟರಲ್ಲಿ ಎದುರಿನವರು ನಿಮ್ಮನ್ನು ನೋಡಿರುತ್ತಾರೆ. ಹಾಗಾಗಿ ಕೇಳಲೇಬೇಕಾಗುತ್ತದೆ. ಕೇಳಿದಾಗ ಕೆಲವರು ಬೇಡವೆನ್ನುತ್ತಾರೆ, ಅವರಿಗೆ ಸಲಾಂ ಹೇಳಿ ಮುಂದೆ ಹೋಗಿ. ಕೆಲವರು ಒಪ್ಪಿ ಕೂದಲು ಸರಿಮಾಡಿಕೊಂಡು ನಿಲ್ಲುತ್ತಾರೆ. ಅವರ ಹೆಸರು, ವಿಳಾಸ, ಈಗಿನ ಕಾಲದಲ್ಲಿ ಫೋನ್ ನಂಬರ್ ಕೂಡ ಬರೆದುಕೊಳ್ಳಿ. ಒಂದು ಪ್ರತಿ ಅವರಿಗೆ ಸೇರಬೇಕು.

ನಾನು ಮೊಬೈಲ್ ಬೇಡ ಎನ್ನುತ್ತಿಲ್ಲ. ಮಗುವಿನ ಮೊದಲ ಹೆಜ್ಜೆ ಹಿಡಿಯಲು, ಆಸ್ಪತ್ರೆಯ ಚೀಟಿ ಕಳುಹಿಸಲು ಅದೇ ಬೇಕು. ರೀಲು ದುಬಾರಿ, ನಿಧಾನ, ಎಲ್ಲರ ಕೈಗೆ ಎಟಕುವುದಲ್ಲ. ನಿಮ್ಮಲ್ಲಿ ಹಳೆಯ ಕ್ಯಾಮೆರಾ ಇಲ್ಲದಿದ್ದರೂ ಪರವಾಗಿಲ್ಲ. ಮುಂದಿನ ಪ್ರವಾಸದಲ್ಲಿ ಮೊಬೈಲಿನಲ್ಲೇ ಮೂವತ್ತಾರು ಫೋಟೊ ಮಾತ್ರ ತೆಗೆಯುವೆನೆಂದು ನಿಯಮ ಹಾಕಿಕೊಂಡು ನೋಡಿ. ಊರಿಗೆ ಬಂದು ಅಷ್ಟನ್ನೂ ಪ್ರಿಂಟ್ ಹಾಕಿಸಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ದಿನಾಂಕ, ಊರು, ಹೆಸರು ಬರೆದಿಡಿ. ನಿಮ್ಮ ಮೊಮ್ಮಕ್ಕಳಿಗೆ ನಿಮ್ಮ ಪಾಸ್‌ವರ್ಡ್ ಗೊತ್ತಿರುವುದಿಲ್ಲ. ಆಲ್ಬಮ್ ತೆರೆಯಲು ಪಾಸ್‌ವರ್ಡ್ ಬೇಕಾಗಿಲ್ಲ.

ಸಾಲ ತೀರಿದ್ದು

2019ರ ಡಿಸೆಂಬರ್‌ನಲ್ಲಿ ಸೊಲ್ಲಾಪುರದಲ್ಲಿ ಸಂಬಂಧಿಕರ ಮದುವೆ ಇತ್ತು. ಹೋಗುವಾಗ ವಿಜಯಪುರದಲ್ಲಿ ಇಳಿದೇ ಹೋಗೋಣವೆಂದು ಉಮ್ಮ ಹಟ ಹಿಡಿದರು. ಅದೇ ಕಲರ್ ರೀಲು, ಒಂದು ವರ್ಷ ಫ್ರಿಜ್ಜಿನಲ್ಲಿಟ್ಟಿದ್ದು, ಈ ಬಾರಿ ಕ್ಯಾಮೆರಾದೊಳಗಿತ್ತು. ಹಿಡಿ ತಿರುಗುತ್ತಿದೆಯೇ ಎಂದು ದಾರಿಯಲ್ಲಿ ಮೂರು ಸಲ ನೋಡಿದ್ದೆ.

ಚಹಾ ಹೋಟೆಲಿನವರು ಒಬ್ಬ ಹುಡುಗನನ್ನು ಜೊತೆಗೆ ಕಳುಹಿಸಿದರು. ಚಾಚಾ ಮನೆಯ ಮುಂದೆ ಕಟ್ಟೆಯ ಮೇಲೆ ಕುಳಿತಿದ್ದರು. ಗುರುತು ಹಿಡಿದರು. ನಾನು ಬಾಯಿ ತೆರೆಯುವ ಮೊದಲೇ ಹೇಳಿದರು: “ಪತ್ರ ಬಂದಿತ್ತು ಬೇಟಾ. ಹುಡುಗನ ಕಡೆ ಓದಿಸಿದೆ. ಬರೀಲಾರದನೂ ಇರಬಹುದಿತ್ತು ನೀನು.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಕುದುರಿ ಮಳಿಗಾಲದಾಗ ಹೋತು” ಎಂದರು.

ನನಗೆ ಮಾತು ಹೊರಡಲಿಲ್ಲ. ಅಂಗಳದ ಮೂಲೆಯಲ್ಲಿ ಟಾಂಗಾ ಮೂಗು ನೆಲಕ್ಕೂರಿ ನಿಂತಿತ್ತು. ಕೆಂಪು ಗೊಂಡೆಯನ್ನು ಅದರ ಕಂಬಿಗೆ ಕಟ್ಟಿದ್ದರು. ಚಾಚಾ ಎದ್ದು ಮೊಮ್ಮಗನನ್ನು ಕರೆದು ಟಾಂಗಾದ ಮೇಲೆ ಕೂರಿಸಿದರು. ತಾವು ಗೊಂಡೆಯ ಪಕ್ಕ, ಹಿಂದಿನ ವರ್ಷ ನಿಂತ ಹಾಗೆಯೇ, ನೇರವಾಗಿ ನಿಂತರು. ನೆರಳಿನಲ್ಲಿದ್ದರು. ಅಪರ್ಚರ್ 5.6, ಶಟರ್ 250. ಮೂರು ಫೋಟೊ ತೆಗೆದೆ. ಪ್ರತಿ ಸಲ ಹಿಡಿ ತಿರುಗಿತು.

ಜನವರಿಯಲ್ಲಿ ಮೂರೂ ಪ್ರಿಂಟುಗಳನ್ನು ದಪ್ಪ ರಟ್ಟಿನ ನಡುವೆ ಇಟ್ಟು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. ಹತ್ತು ದಿನ ಕಳೆದು ಸ್ವೀಕೃತಿ ಕಾರ್ಡ್ ವಾಪಸು ಬಂತು. ಸಹಿಯ ಜಾಗದಲ್ಲಿ ನೀಲಿ ಶಾಯಿಯ ಹೆಬ್ಬೆಟ್ಟು. ಉಮ್ಮ ಅದನ್ನು ಬಹಳ ಹೊತ್ತು ನೋಡಿ, ತಂದೆಯ ಹನ್ನೊಂದು ಫೋಟೊಗಳಿರುವ ಆಲ್ಬಮ್‌ನ ಮುಂದಿನ ಖಾಲಿ ಹಾಳೆಯಲ್ಲಿ ಸಿಕ್ಕಿಸಿದರು. ಆ ಕ್ಯಾಮೆರಾದ ಲ್ಲಿ ನಾನು ತೆಗೆದ ಬೇರೆ ಯಾವ ಫೋಟೊಕ್ಕೂ ಅವರು ಅಲ್ಲಿ ಇನ್ನೂ ಜಾಗ ಕೊಟ್ಟಿಲ್ಲ.